ಎಡಗಡೆಯ ಏಳು

ಗುಂಡು ಹೊಡೆಯುವವರನ್ನು ನಾನು ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ನಮ್ಮೂರ ಗುರಿಮೈದಾನದಲ್ಲಿ ನನ್ನ ಜಾಗ ಮುನ್ನೂರು ಮೀಟರ್ ಆಚೆ, ಗುರಿಹಲಗೆಗಳ ಕೆಳಗಿನ ಕಂದಕ. ಮೊದಲು ತಲೆಯ ಮೇಲೆ ಚಾಟಿ ಬಾರಿಸಿದಂತೆ ಗುಂಡು ಹಾಯುತ್ತದೆ. ಆಮೇಲೆ, ಊಟ ಮುಗಿದ ಮೇಲೆ ಬಂದ ನೆಂಟನ ಹಾಗೆ, ಬಂದೂಕಿನ ಸದ್ದು ಬರುತ್ತದೆ. ನಾನು ಹಲಗೆಯನ್ನು ಕೆಳಗಿಳಿಸಿ, ತೂತನ್ನು ಗುರುತಿಸಿ, ಅದರ ಮೇಲೊಂದು ಕಾಗದದ ಚೂರು ಅಂಟಿಸಿ, ಮತ್ತೆ ಮೇಲೇರಿಸುತ್ತೇನೆ. ಉದ್ದ ಕೋಲಿನ ತುದಿಗೆ ರೊಟ್ಟಿಯಗಲದ ಕೆಂಪು ತಟ್ಟೆಯಿದೆ. ಗುಂಡು ಬಿದ್ದ ಜಾಗಕ್ಕೆ ಅದನ್ನು ಹಿಡಿದು ತೋರಿಸಬೇಕು. ನಟ್ಟನಡುವೆ ಬಿದ್ದರೆ ಹಲಗೆಯ ಮುಂದೆ ಮೂರು ಸಲ ಬೀಸಬೇಕು. ಉಳಿದ ದಿನಗಳಲ್ಲಿ ಚರ್ಚಿನ ಗಂಟೆ ಹೊಡೆಯುವವನೂ ನಾನೇ. ಎರಡು ಕೆಲಸಕ್ಕೂ ಮಾತು ಬೇಕಾಗಿಲ್ಲ. ಸುಳ್ಳಾಡದಿದ್ದರೆ ಸಾಕು.

ನನ್ನ ಚಿಕ್ಕಪ್ಪ ಯಾಖೆನ್ ಜೂನ್ ತಿಂಗಳ ಪಂದ್ಯದಲ್ಲಿ ಮೂವತ್ತೊಂದು ವರ್ಷ ಗುಂಡು ಹೊಡೆದರು. ಹತ್ತು ಗುಂಡು, ನೂರು ಅಂಕ. ಎಂಬತ್ತೆರಡು ಬಂದರೆ ಟೋಪಿಗೆ ಸಿಕ್ಕಿಸಿಕೊಳ್ಳಲು ಓಕ್ ಎಲೆಗಳ ಪದಕ. ಚಿಕ್ಕಪ್ಪನಿಗೆ ಎಪ್ಪತ್ತು, ಎಪ್ಪತ್ತೊಂದು, ಮತ್ತೆ ಎಪ್ಪತ್ತು. ಎಪ್ಪತ್ತಮೂರು ಬಂದ ಒಂದು ವರ್ಷ ಮನೆಯಲ್ಲಿ ಅಕ್ರೋಟಿನ ಕೇಕು ಮಾಡಿದ್ದರು. ಪ್ರತಿ ಸಲವೂ ಸಂಜೆ ಬಾರ್ಲಿ ಸೂಪಿನ ಮುಂದೆ ಕೂತು ಹೆಂಡತಿಗೆ ಒಂದೇ ಮಾತು ಹೇಳುತ್ತಿದ್ದರು: ಮೆಂಜಾ, ಬಂದೂಕು ಎಡಕ್ಕೆ ಎಳೆಯುತ್ತೆ.

ಆ ಮಾತು ಊರಿನ ಗಾದೆಯಾಯಿತು. ಹುಡುಗರ ಚೆಂಡು ಯಾರದೋ ಕಿಟಕಿಗೆ ನುಗ್ಗಿದರೆ ಯಾಖೆನ್ ಹೊಡೆದ ಚೆಂಡು. ಕುಡಿದವನು ಬಾಗಿಲು ಬಿಟ್ಟು ಗೋಡೆಯತ್ತ ನಡೆದರೆ ಯಾಖೆನ್ ದಾರಿ. ಚರ್ಚಿನಲ್ಲಿ ನಾಲ್ಕು ದನಿಯ ಕೀರ್ತನೆ ಹಾಡುವಾಗ ಒಬ್ಬ ರಾಗ ಬಿಟ್ಟರೆ, ಪಾದ್ರಿಯ ಹೆಂಡತಿ ಕೂಡ ಪಕ್ಕದವಳ ಕಿವಿಯಲ್ಲಿ ‘ಎಡಕ್ಕೆ ಎಳೀತಿದೆ’ ಅಂದಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ.

ಚಿಕ್ಕಪ್ಪ ಅಂಚೆ ಹಂಚುವವರು. ನಿಯಮ ಅವರಿಗೆ ಎರಡನೆಯ ಚರ್ಮ. ನಮ್ಮೂರ ಕಾರಂಜಿಗೆ ಎರಡು ತೊಟ್ಟಿ. ಮೇಲಿನದು ದನ ಕುಡಿಯಲು, ಕೆಳಗಿನದು ಕೈ ತೊಳೆಯಲು. ಚಳಿಗಾಲದಲ್ಲಿ ಕೆಳಗಿನದು ಕಲ್ಲಿನಂತೆ ಹೆಪ್ಪುಗಟ್ಟಿ, ಸುತ್ತಮುತ್ತ ಒಂದು ದನವೂ ಇಲ್ಲದಾಗಲೂ, ಅವರು ಮಸಿ ಕೈಯಲ್ಲೇ ಮನೆಗೆ ಹೋಗುತ್ತಿದ್ದರು. ನಮ್ಮಲ್ಲಿ ಪ್ರತಿ ಗಂಡಸೂ ತನ್ನ ಕಸುಬಿನ ಜೊತೆಗೆ ಸಿಪಾಯಿಯೂ ಹೌದು, ಸೇನೆ ಕೊಟ್ಟ ಬಂದೂಕು ಅವನ ಮನೆಯಲ್ಲೇ ಇರುತ್ತದೆ. ಸೇನೆಯ ಚಾಕರಿ ಮುಗಿದಾಗ ಉಳಿದವರು ಅರ್ಜಿ ಬರೆದು ತಮ್ಮ ಬಂದೂಕನ್ನು ಮನೆಯಲ್ಲೇ ಇಟ್ಟುಕೊಂಡರು. ಅರ್ಜಿಯ ಗಡುವು ಹಿಂದಿನ ದಿನಕ್ಕೆ ಮುಗಿದಿದೆ ಎಂದು ಚಿಕ್ಕಪ್ಪ ಮಾತ್ರ ತಮ್ಮದನ್ನು ಒರೆಸಿ ಎಣ್ಣೆ ಹಚ್ಚಿ ವಾಪಸು ಕೊಟ್ಟುಬಂದರು. ಮುಂದಿನ ಜೂನಿಗೆ ಮೊದಲೇ ಸೇನೆ ಹಳೆಯ ಬಂದೂಕುಗಳನ್ನೆಲ್ಲ ಮಾರಾಟಕ್ಕಿಟ್ಟಾಗ ರೈಲು ಹತ್ತಿ ಆಯುಧಾಗಾರಕ್ಕೆ ಹೋಗಿ, ಸೌದೆಯಂತೆ ಒಟ್ಟಿದ್ದ ರಾಶಿಯಲ್ಲಿ ಒಂದಿಡೀ ದಿನ ನಂಬರು ಹುಡುಕಿ, ತಮ್ಮದನ್ನೇ ಕೊಂಡು ತಂದರು. ಎಡಕ್ಕೆ ಎಳೆಯುವುದನ್ನೇ ಹುಡುಕಿ ತಂದ ಮನುಷ್ಯ ಎಂದು ಊರು ಮತ್ತೊಂದು ವರ್ಷ ನಕ್ಕಿತು.

ಚಿಕ್ಕಪ್ಪ ತೀರಿಹೋಗಿ ಎರಡು ಚಳಿಗಾಲ ಕಳೆದಿತ್ತು. ನಮ್ಮ ಗುರಿಕಾರರ ಸಂಘಕ್ಕೆ ಆ ಬೇಸಿಗೆ ನೂರು ತುಂಬುತ್ತಿತ್ತು. ಅಧ್ಯಕ್ಷ ಲಿನಾರ್ಡ್ ಚೀಸ್ ಮಾಡುವವನು, ಕಣಿವೆಗೇ ಮೊದಲನೆಯ ಗುರಿಕಾರ. ಅವನ ಟೋಪಿಯ ಮೇಲೆ ಪದಕಗಳು ಎಷ್ಟಿದ್ದವೆಂದರೆ ಗಾಳಿಗೆ ಅದು ಹಾರಿಹೋಗುವ ಭಯವೇ ಇರಲಿಲ್ಲ. ಸಂಘದ ಕೋಣೆಯಲ್ಲಿ ಯಾಖೆನ್ ಬಂದೂಕನ್ನು ನೇತುಹಾಕೋಣ, ಕೆಳಗೆ ಒಂದು ಹಲಗೆ ಬರೆಸೋಣ ಎಂದು ಅವನು ಸೂಚಿಸಿದ. ಬರೆಸಬೇಕಾದ ಮಾತು: ‘ತಪ್ಪು ನನ್ನದಲ್ಲ.’ ಎಲ್ಲರೂ ಮೇಜು ಗುದ್ದಿ ನಕ್ಕರು. ಕೇಡಿನ ನಗೆಯಲ್ಲ ಅದು. ಚಿಕ್ಕಪ್ಪನ ಮೇಲೆ ಯಾರಿಗೂ ಕೋಪವಿರಲಿಲ್ಲ. ಆದರೆ ಬಂದೂಕು ಕೇಳಲು ಮೆಂಜಾಳ ಮನೆಗೆ ಹೋದವರು ಬರಿಗೈಯಲ್ಲಿ ಬಂದರು. ಓಂಡಾ ಅಂದರೆ ನಮ್ಮ ಮಾತಿನಲ್ಲಿ ಚಿಕ್ಕಮ್ಮ; ಊರಿಗೆಲ್ಲ ಆಕೆ ಓಂಡಾ ಮೆಂಜಾ, ನನಗೆ ಮಾತ್ರ ನಿಜವಾದ ಚಿಕ್ಕಮ್ಮ. ಮೊದಲು ಅದನ್ನು ಪರೀಕ್ಷೆ ಮಾಡಿ, ಊರೆಲ್ಲ ನೋಡುವ ಹಾಗೆ, ಆಮೇಲೆ ಹಲಗೆಯ ಮಾತು ಎಂದು ಆಕೆ ಹೇಳಿ ಕಳಿಸಿದ್ದಳು.

ಸಂಘ ಒಪ್ಪಿ ಶನಿವಾರ ಗೊತ್ತುಮಾಡಿತು. ಪರೀಕ್ಷೆಯ ಹಿಂದಿನ ಸಂಜೆ ಆಕೆ ಗಂಟೆಗೋಪುರದ ಮೆಟ್ಟಿಲು ಹತ್ತಿ ಬಂದಳು. ಹಗ್ಗ ಹಿಡಿದು ನಿಂತಿದ್ದ ನನ್ನ ಎದುರು ಏದುಸಿರು ಬಿಡುತ್ತ ನಿಂತಳು. ನಲವತ್ತು ವರ್ಷ ಒಂದೇ ಮೇಜಿನಲ್ಲಿ ಎದುರು ಕೂತು ಊಟ ಮಾಡಿದ ಗಂಡ. ಬೇರೆ ಯಾವ ವಿಷಯಕ್ಕೂ ಸುಳ್ಳು ಹೇಳಿದವನಲ್ಲ. ಬಂದೂಕು ನೆಟ್ಟಗಿದ್ದರೆ ಜೂನ್ ತಿಂಗಳಿಗೊಂದು ಸುಳ್ಳು, ಅಂಥವು ಮೂವತ್ತೊಂದು. ಊರು ನಕ್ಕರೆ ನಗಲಿ. ತಾನು ನಂಬಿದ್ದು ನಿಜವೋ ಅಲ್ಲವೋ ಅಷ್ಟು ತಿಳಿದರೆ ಸಾಕು. ಇಷ್ಟನ್ನೂ ಕಿಟಕಿಯ ಕಡೆ ನೋಡುತ್ತ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಬಾಲ್ಸರ್, ನಾಳೆ ಆ ತಟ್ಟೇಲಿ ನಂಗೆ ದಯೆ ತೋರಿಸ್ಬೇಡ ಕಣೋ. ಎಲ್ಲಿ ಬಿತ್ತೋ ಅಲ್ಲೇ ಹಿಡಿ.”

ಬೇರೆ ಎಲ್ಲಿ ಹಿಡಿಯಲಿ ಎಂದೆ. ಆದರೆ ಆ ರಾತ್ರಿ ಮಲಗುವ ಮುನ್ನ, ಕೋಲು ಸರಿಯಾದ ಜಾಗಕ್ಕೇ ಹೋಗಲಿ ಎಂದು ಒಂದು ಪ್ರಾರ್ಥನೆ ಹೆಚ್ಚಿಗೆ ಹೇಳಿದೆ.

ಶನಿವಾರ ಮಧ್ಯಾಹ್ನ ಬಿಸಿಲು ಹಿಮಶಿಖರಗಳಿಂದ ಕಣಿವೆಯ ತಳದ ಇನ್ ಎಂಬ ನದಿಯವರೆಗೆ ಹಾಲಿನಂತೆ ಸುರಿದಿತ್ತು. ಮೈದಾನದ ನಡುವಿನ ಹುಲ್ಲು ಸೊಂಟದೆತ್ತರ, ಕೊಯ್ಲಿಗೆ ಇನ್ನೊಂದು ವಾರ. ನಾನು ಕಂದಕಕ್ಕಿಳಿದು ಮೂರನೆಯ ಹಲಗೆ ಏರಿಸಿ, ಗುಂಡು ಹೊಡೆಯುವ ತುದಿಯ ಛಾವಣಿಗೆ ತಂತಿ ಎಳೆದ ಹಳೆಯ ಫೋನಿನ ಹಿಡಿ ತಿರುಗಿಸಿದೆ. ಆ ಕಡೆ ಯಾರೋ ಎತ್ತಿ, ಸಿದ್ಧವೇ ಎಂದು ಕೇಳಿ, ಮತ್ತೆ ಕೆಳಗಿಡುವುದನ್ನು ಮರೆತು ಬೆಂಚಿನ ಮೇಲೆ ಹಾಗೇ ಬಿಟ್ಟರು. ಹೀಗಾಗಿ ಅಲ್ಲಿನ ಎಲ್ಲ ಮಾತೂ, ವೈನ್ ಬಾಟಲಿಯ ಬಿರಡೆ ಬಿಚ್ಚುವ ಸದ್ದೂ ಸೇರಿ, ನನ್ನ ಕಿವಿಗೆ ಬೀಳುತ್ತಿತ್ತು. ಕದ್ದು ಕೇಳುವುದು ಪಾಪ. ಆದರೆ ಗುಂಡು ಹೊಡೆಯುವಾಗ ಫೋನು ಕೆಳಗಿಡುವುದು ನಿಯಮಕ್ಕೆ ವಿರುದ್ಧ. ನಾನು ನಿಯಮದ ಕಡೆ ನಿಂತೆ.

ಮರಳುಚೀಲದ ಮೇಲೆ ಬಂದೂಕಿಟ್ಟು ಹೊಡೆಯುವವನು ಲಿನಾರ್ಡ್ ಎಂದು ತೀರ್ಮಾನವಾಗಿತ್ತು. ಅವನು ಗುರಿ ತಪ್ಪುವವನಲ್ಲ. ತಪ್ಪಿದರೆ ಅದು ಬಂದೂಕಿನದೇ. ಮೊದಲ ಗುಂಡು ಹಾದುಹೋಯಿತು. ಹಲಗೆ ಇಳಿಸಿದೆ. ಎಡಕ್ಕೆ, ಒಂದು ಗೇಣಿಗೆ ತುಸು ಕಡಿಮೆ. ಏಳು.

ತಟ್ಟೆ ಹಿಡಿದೆ. ಫೋನಿನಲ್ಲಿ ಲಿನಾರ್ಡ್ ಗಾಳಿಯನ್ನು ಬೈದ. ಗಾಳಿ ಎಲ್ಲಿತ್ತು, ಒಂದು ಹುಲ್ಲೂ ಅಲುಗುತ್ತಿರಲಿಲ್ಲ. ಎರಡನೆಯದು ಮೊದಲನೆಯದರ ಮಗ್ಗುಲಲ್ಲೇ ಬಿತ್ತು. ಮೂರನೆಯದು ಎರಡರ ನಡುವಿನ ಕಾಗದವನ್ನೇ ಹರಿಯಿತು. ಅಷ್ಟರಲ್ಲಿ ಆ ಕಡೆ ಪಿಸುನಗೆ ಹುಟ್ಟಿತ್ತು. ನಾಲ್ಕನೆಯದಕ್ಕೆ ಯಾರೋ, ಯಾಖೆನ್ ಬೆನ್ನ ಮೇಲೆ ಕೂತಿದಾನೆ ನೋಡೋ ಲಿನಾರ್ಡ್, ಅಂದರು. ಐದನೆಯದಕ್ಕೆ ಕಣಿವೆಯ ಮೊದಲ ಗುರಿಕಾರನ ಅಂಕ ಮೂವತ್ತೈದು.

ಐದೂ ತೂತುಗಳನ್ನು ನನ್ನ ಒಂದು ಅಂಗೈ ಮುಚ್ಚುತ್ತಿತ್ತು. ಮುಚ್ಚಿ ನೋಡಿದೆ. ಆಗ ನನ್ನ ತೋಳಿಗೆ ಏನೋ ನೆನಪಾಯಿತು. ತಲೆಗಿಂತ ಮೊದಲು ತೋಳಿಗೇ ನೆನಪಾದದ್ದು. ಇಪ್ಪತ್ತೆರಡು ವರ್ಷ ನಾನು ಈ ಕಂದಕದಿಂದ ಚಿಕ್ಕಪ್ಪನ ಗುಂಡು ತೋರಿಸಿದ್ದೆ. ಪ್ರತಿ ಸಲವೂ ಕೋಲು ಹೋಗುತ್ತಿದ್ದದ್ದು ಇಲ್ಲಿಗೇ, ಇದೇ ಎತ್ತರಕ್ಕೆ, ಇದೇ ಪಕ್ಕಕ್ಕೆ. ಕೊನೆಕೊನೆಗೆ ಅವರ ಸರದಿ ಬಂದರೆ ನಾನು ತೂತನ್ನು ಸರಿಯಾಗಿ ನೋಡುವ ಮೊದಲೇ ಕೋಲು ಎತ್ತಿರುತ್ತಿದ್ದೆ. ಕೆಟ್ಟ ಗುರಿಕಾರನ ಗುಂಡು ಚೆಲ್ಲಿದ ಕಾಳಿನ ಹಾಗೆ ಎಲ್ಲ ಕಡೆ ಬೀಳುತ್ತದೆ. ಚಿಕ್ಕಪ್ಪನದು ಹಾಗೆ ಒಮ್ಮೆಯೂ ಚೆಲ್ಲಿದ್ದಿಲ್ಲ. ಕಿವಿಯಿದ್ದೂ ನಾನು ಕೇಳಿರಲಿಲ್ಲ, ಕೈಯಲ್ಲಿ ಹಿಡಿದೂ ತಿಳಿದಿರಲಿಲ್ಲ.

ಪಂದ್ಯದ ದಿನ ನಾನು ಫೋನಿನಲ್ಲಿ ಅಂಕ ಬಿಟ್ಟು ಬೇರೆ ಮಾತಾಡುವವನಲ್ಲ. ಆ ದಿನ ಕೂಗಿದೆ. ಬೆಂಚಿನ ಮೇಲೆ ಬಿದ್ದಿದ್ದ ಫೋನು ಕೂಗಿದ್ದಕ್ಕೆ ಅಲ್ಲಿ ಯಾರೋ ಬೆಚ್ಚಿ ಲೋಟ ಚೆಲ್ಲಿಕೊಂಡರು. ಬಂದೂಕು ಎಡಕ್ಕೇ ಹೊಡೆಯುತ್ತಿದೆ, ಆದರೆ ಐದೂ ಒಂದೇ ಅಂಗೈಯೊಳಗೆ. ಚಿಕ್ಕಪ್ಪನ ಗುಂಡೂ ವರ್ಷವರ್ಷ ಇಲ್ಲಿಗೇ ಬಿದ್ದದ್ದು. ಪದಕವಿಲ್ಲದ ಆ ಮನುಷ್ಯ ನಿಮ್ಮೆಲ್ಲರಷ್ಟೇ ಒಳ್ಳೆಯ ಗುರಿಕಾರ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ.

ಚಿಕ್ಕಮ್ಮನ ದನಿ ಬಹಳ ಮೆಲ್ಲಗೆ ಕೇಳಿತು. “ಹಾಗಾದ್ರೆ ಅವ್ರು ಹೇಳಿದ್ದು ನಿಜ.”

ನಿಜವೇ ಎಂದು ಲಿನಾರ್ಡ್ ಒಪ್ಪಿಕೊಂಡ. ಆದರೆ ಸೋತವನ ಕೊನೆಯ ತೋಟಾ ಅವನಲ್ಲಿ ಇನ್ನೂ ಇತ್ತು. ಎಡಕ್ಕೆ ಎಳೆಯುತ್ತದೆ ಎಂದು ಗೊತ್ತಿದ್ದ ಮೇಲೆ ಒಂದು ಗೇಣು ಬಲಕ್ಕೆ ಗುರಿಯಿಟ್ಟರೆ ಆಗುತ್ತಿತ್ತಲ್ಲ? ಇಲ್ಲವೇ ನಳಿಗೆಯ ತುದಿಯಲ್ಲಿರುವ ಗುರಿಮೊಳೆಯನ್ನು ಕೂದಲೆಳೆಯಷ್ಟು ಸರಿಸಿದರೆ ಮುಗಿಯಿತಲ್ಲ? ಮೂವತ್ತೊಂದು ವರ್ಷ ಅಷ್ಟೂ ಹೊಳೆಯಲಿಲ್ಲವೇ?

ಆಗ ಯಾರೋ ಗಂಟಲು ಸರಿಮಾಡಿಕೊಂಡರು. ಆಂದ್ರಿ. ಸೇನೆಯ ಆಯುಧ ರಿಪೇರಿ ಮಾಡುತ್ತಿದ್ದವರು, ನಿವೃತ್ತರಾಗಿ ಕೆಳಗಿನ ಹಳ್ಳಿಯಲ್ಲಿದ್ದವರು. ಪ್ರತಿ ವಸಂತದಲ್ಲಿ ಊರೂರಿಗೆ ಬಂದು ಬಂದೂಕುಗಳನ್ನು ತಪಾಸಣೆ ಮಾಡುತ್ತಿದ್ದವರು ಅವರೇ.

ಅವರು ಹೇಳಿದ್ದು ಇಷ್ಟು. ಯಾಖೆನ್ ಮೊದಲ ವರ್ಷವೇ ಬಂದು ಕೇಳಿದ್ದ. ನಾನು ನಳಿಗೆಯೊಳಗೆ ಇಣುಕಿ, ಕನ್ನಡಿಯ ಹಾಗಿದೆ, ದೋಷವಿಲ್ಲ ಎಂದು ಬರೆದುಕೊಟ್ಟೆ. ಹೊಡೆದು ನೋಡುವುದು ತಪಾಸಣೆಯಲ್ಲಿ ಬರುವುದಿಲ್ಲ, ನೋಡಲಿಲ್ಲ. ಗುರಿಮೊಳೆ ಸರಿಸಬಹುದೇ ಎಂದು ಅವನು ಕೇಳಿದ. ಅದು ಸರ್ಕಾರದ್ದು, ಸಿಪಾಯಿ ಮುಟ್ಟಬಾರದು ಎಂದೆ. ಪಕ್ಕಕ್ಕೆ ಗುರಿಯಿಡಬಹುದೇ ಎಂದ. ಗುರಿ ಕಪ್ಪು ಚಕ್ರದ ತಳದ ನೇರ ನಡುವಿಗೆ ಎಂದು ಕೈಪಿಡಿಯಲ್ಲಿದೆ, ಓದಿಲ್ಲವೇ ಎಂದೆ. ಅವನು ಸಲ್ಯೂಟ್ ಹೊಡೆದು ಹೋದ.

“ಮುಂದಿನ್ ವರ್ಷಾನೂ ಕೇಳಿದ್ನಾ?” ಲಿನಾರ್ಡ್ ಕೇಳಿದ.

“ಇಲ್ಲ,” ಅಂದರು ಆಂದ್ರಿ. “ಒಂದ್ಸಲ ಉತ್ತರ ಸಿಕ್ಕಿತ್ತಲ್ಲ.”

ಸೇನೆ ಮಾರಿ ಕೈತೊಳೆದುಕೊಂಡ ಮೇಲೆ ಅದು ಅವನ ಸ್ವಂತದ್ದೇ ಆಗಿತ್ತಲ್ಲ ಎಂದು ಇನ್ನೊಬ್ಬ ಎತ್ತಿದ. ಅದಕ್ಕೆ ಚಿಕ್ಕಮ್ಮನೇ ಉತ್ತರ ಕೊಟ್ಟಳು. ಅದನ್ನು ತಾನೂ ಕೇಳಿದ್ದಳಂತೆ. ಸರ್ಕಾರದ ಶಿಲುಬೆಯ ಮುದ್ರೆ ಇನ್ನೂ ಹಾಗೇ ಇದೆ ಮೆಂಜಾ, ಅವರು ಮಾರಿರಬಹುದು, ಮುದ್ರೆ ಅಳಿಸಿಲ್ಲವಲ್ಲ, ಎಂದಿದ್ದರಂತೆ ಚಿಕ್ಕಪ್ಪ.

ಮೊದಲು ನಕ್ಕವಳು ಆಕೆಯೇ. ಸೀಳುಬಿಟ್ಟ ಕೊಳಲಿನಂತೆ ಸಣ್ಣಗೆ ಆರಂಭವಾದದ್ದು, ಆಂದ್ರಿಗೆ ಹತ್ತಿತು, ಅವರಿಂದ ಬೆಂಚಿಗೆ, ಬೆಂಚಿನಿಂದ ಛಾವಣಿಗೆ. ಲಿನಾರ್ಡ್ ಹೊಟ್ಟೆ ಹಿಡಿದುಕೊಂಡು ಕೂತನಂತೆ, ಟೋಪಿ ಬಿತ್ತಂತೆ. ಅವನೂ ಹವಾಲ್ದಾರನಾಗಿದ್ದಾಗ ಅದೇ ಕೈಪಿಡಿಯನ್ನು ಇನ್ನೂರು ಹುಡುಗರಿಗೆ ಬಾಯಿಪಾಠ ಮಾಡಿಸಿದವನು. ಅಲ್ಲಿದ್ದವರಲ್ಲಿ ಯಾರಾದರೂ ಗುರಿಮೊಳೆ ಮುಟ್ಟುತ್ತಿದ್ದರೇ? ಯಾರೂ ಮುಟ್ಟುತ್ತಿರಲಿಲ್ಲ. ಅವರ ಬಂದೂಕುಗಳು ನೆಟ್ಟಗಿದ್ದವು, ಅಷ್ಟೇ. ಫೋನು ಬಿಕ್ಕಳಿಸುತ್ತಿತ್ತು. ಒಬ್ಬಂಟಿಯಾಗಿ ಕಂದಕದಲ್ಲಿ ಕೂತು ನಾನೂ ನಕ್ಕೆ, ಅಂಟಿನ ಡಬ್ಬಿ ಮಗುಚಿತು.

ಆಂದ್ರಿ ಕಾರಿನಿಂದ ಸಣ್ಣ ಹಿತ್ತಾಳೆ ಸುತ್ತಿಗೆ ತಂದರು. ಮೂವತ್ತಮೂರು ವರ್ಷ ತಡವಾಗಿ ಎಂದು ಬೇರೆ ಯಾರಾದರೂ ಹೇಳುವ ಮೊದಲೇ ತಾವೇ ಹೇಳಿದರು. ಬಲಕ್ಕೆ, ಬಲಕ್ಕೆ ಎಂದು ಎಲ್ಲರೂ ಸಲಹೆ ಕೊಟ್ಟರು. ಅವರು ಎಡಕ್ಕೆ ತಟ್ಟಿದರು. ಗುಂಡು ಯಾವ ಕಡೆ ತಪ್ಪುತ್ತದೋ ಗುರಿಮೊಳೆಯೂ ಅದೇ ಕಡೆ ಸರಿಯಬೇಕು. ಆಗ ಗುಂಡು ನಡುವಿಗೆ ಬರುತ್ತದೆ. ತಪ್ಪಿದವನನ್ನು ಸರಿದಾರಿಗೆ ತರಲು ಅವನ ಪಕ್ಕಕ್ಕೇ ಹೋಗಿ ನಿಲ್ಲಬೇಕು ಎಂದು ನಮ್ಮ ಅಜ್ಜಿ ಹೇಳುತ್ತಿದ್ದುದು ನನಗೆ ನೆನಪಾಯಿತು. ಬಂದೂಕಿಗೂ ಅದೇ ಧರ್ಮ ಎಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಇನ್ನು ಹೊಡೆದು ನೋಡಬೇಕು. ಲಿನಾರ್ಡ್ ಮತ್ತೆ ಬಂದೂಕಿನ ಹಿಂದೆ ಬೋರಲು ಮಲಗಲು ಹೊರಟ. ಚಿಕ್ಕಮ್ಮ ಅವನನ್ನು ತಡೆದಳು. “ನೀನು ಏಳು, ಮಗಾ. ಇದು ನಮ್ಮನೆ ವಿಷಯ.”

ಆಕೆಗೆ ಅರವತ್ತೆಂಟು. ಮೂವತ್ತೊಂದು ವರ್ಷ ಆ ಬಂದೂಕಿನ ಧೂಳು ಒರೆಸಿದವಳು. ಒಂದು ಗುಂಡೂ ಹೊಡೆದವಳಲ್ಲ. ಅಲ್ಲಿ ನೆಲಕ್ಕೆ ಜಮಖಾನ ಹಾಸಿ ಆಕೆಯನ್ನು ಮಲಗಿಸಲು ಮೂರು ಜನ ಬೇಕಾದರಂತೆ. ಮೊದಲ ಗುಂಡು ಅರ್ಧ ದಾರಿಯಲ್ಲೇ ನೆಲ ಕಚ್ಚಿ ಒಂದು ಹೆಂಟೆ ಹಾರಿಸಿತಂತೆ. ಹಲಗೆಯಲ್ಲಿ ಏನೂ ಇಲ್ಲ. ದಯೆ ಬೇಡವೆಂದಿದ್ದಳು, ನಾನು ತಟ್ಟೆಯನ್ನು ಎತ್ತಲೇ ಇಲ್ಲ.

ಉಸಿರು ಬಿಗಿಹಿಡಿಯಬೇಕು ಓಂಡಾ ಎಂದು ಒಬ್ಬ, ಬಿಡಬೇಕು ಎಂದು ಒಬ್ಬ. ನನಗೆ ತಡೆಯಲಾಗಲಿಲ್ಲ, ಆ ದಿನ ಎರಡನೆಯ ಸಲ ಫೋನಿನಲ್ಲಿ ಮಾತಾಡಿದೆ. ಚಿಕ್ಕಮ್ಮ ಐವತ್ತು ವರ್ಷ ಕೀರ್ತನೆ ಹಾಡಿದವಳು. ಮೊದಲ ಸಾಲು ಮುಗಿದು ಎರಡನೆಯ ಸಾಲು ಹುಟ್ಟುವ ಮೊದಲು ಒಂದು ಜಾಗವಿದೆ. ಅಲ್ಲಿ ಉಸಿರು ಬರುವುದೂ ಇಲ್ಲ, ಹೋಗುವುದೂ ಇಲ್ಲ.

“ಚಿಕ್ಕಮ್ಮಾ, ಸಾಲುಗಳ ನಡುವೆ ಹೊಡಿ,” ಎಂದೆ.

ಫೋನಿನಲ್ಲಿ ಆಕೆ ಗುನುಗುವುದು ಕೇಳಿತು. ಭಾನುವಾರದ ರಾಗ. ಒಂದು ಸಾಲು, ನಿಧಾನವಾಗಿ, ಪೂರ್ತಿ. ಆಮೇಲೆ ಆ ಜಾಗ. ತಲೆಯ ಮೇಲೆ ಚಾಟಿ ಹಾಯಿತು.

ಹಲಗೆ ಇಳಿಸಿದೆ. ನಟ್ಟನಡುವೆ, ಕಪ್ಪಿನ ಎದೆಯಲ್ಲಿ, ಸುತ್ತಲೂ ಏನೂ ಇಲ್ಲದೆ, ಒಂದೇ ತೂತು. ಅದರ ಮೂಲಕ ಆಕಾಶ ಕಾಣುತ್ತಿತ್ತು.

ಮೂರು ಸಲ ಬೀಸಬೇಕೆಂಬುದು ನಿಯಮ. ಎಷ್ಟು ಸಲ ಬೀಸಿದೆನೋ ತಿಳಿಯದು. ಆದರೆ ಆ ಕಡೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಫೋನಿನಲ್ಲಿ ಲಿನಾರ್ಡ್ ಬಹಳ ಮೃದುವಾಗಿ, ಬಾಲ್ಸರ್, ನಿನ್ನ ಚಿಕ್ಕಮ್ಮ, ನಮಗೂ ಅರ್ಥ ಆಗುತ್ತೆ, ಆದರೆ ನಿಜ ಹೇಳು, ಎಂದ. ನನ್ನ ಜನ್ಮದಲ್ಲಿ ನನಗೆ ಅಷ್ಟು ಸಿಟ್ಟು ಬಂದದ್ದಿಲ್ಲ. ಗಂಟೆ ಹೊಡೆಯುವವನ ಮೇಲೆ ಸುಳ್ಳಿನ ಆರೋಪ. ಬಂದು ನೋಡಿ ಎಂದೆ, ಕೆಂಪು ಬಾವುಟ ಏರಿಸಿ ಗುಂಡು ನಿಲ್ಲಿಸಿದೆ.

ಕಂದಕದ ಮೆಟ್ಟಿಲ ಮೇಲೆ ನಿಂತು ನೋಡಿದೆ. ಇಡೀ ಸಂಘ ಛಾವಣಿಯಡಿಯಿಂದ ಹೊರಗೆ ಉಕ್ಕಿತು. ಹುಲ್ಲಿನ ಅಂಚಿಗೆ ಬಂದು ತಟ್ಟನೆ ನಿಂತಿತು. ನೇರ ಬಂದರೆ ಮುನ್ನೂರು ಮೀಟರ್. ಹುಲ್ಲು ಲಿನಾರ್ಡ್‌ನದೇ, ಅವನು ಕೈ ಬೀಸಿ, ನಡೀರಿ ನಡೀರಿ ಎನ್ನುತ್ತಿದ್ದುದು ಇಲ್ಲಿಗೂ ಕಾಣುತ್ತಿತ್ತು. ಆದರೆ ಕೊಯ್ಲಿಗೆ ಮೊದಲು ನಿಂತ ಹುಲ್ಲನ್ನು ಯಾರು ತುಳಿಯುತ್ತಾರೆ? ಅಪ್ಪಣೆ ಕೊಟ್ಟ ಅವನೇ ಒಂದು ಕಾಲು ಎತ್ತಿ, ಮತ್ತೆ ಹಿಂದಕ್ಕಿಟ್ಟ. ಆಮೇಲೆ ಎಲ್ಲರೂ ಬಂಡಿದಾರಿ ಹಿಡಿದು, ಮೂರು ಪಟ್ಟು ದೂರ ಸುತ್ತಿಕೊಂಡು, ಓಡತೊಡಗಿದರು. ಟೋಪಿಯ ಪದಕಗಳು ಝಣಗುಟ್ಟುತ್ತಿದ್ದವು. ಆಂದ್ರಿ ಕೈಯಲ್ಲಿ ಸುತ್ತಿಗೆ ಹಾಗೇ ಇತ್ತು. ನಡುವೆ ಚಿಕ್ಕಮ್ಮ ಲಂಗ ಎತ್ತಿ ಹಿಡಿದು, ಇಬ್ಬರ ತೋಳಿನ ಆಸರೆಯಲ್ಲಿ, ಹುಡುಗಿಯ ಹಾಗೆ ಕೇಕೆ ಹಾಕುತ್ತ ಬರುತ್ತಿದ್ದಳು. ಹುಲ್ಲಿನ ಒಂದು ಗರಿಯೂ ಬಾಗಲಿಲ್ಲ.

ಆಕೆ ತೂತಿನೊಳಗೆ ಕಿರುಬೆರಳು ಇಟ್ಟು ನೋಡಿದಳು. ತೆಗೆದು ಮತ್ತೆ ಇಟ್ಟಳು. ಲಿನಾರ್ಡ್ ನನ್ನ ಭುಜ ಹಿಡಿದು ಕ್ಷಮೆ ಕೇಳಿದ. ಆಮೇಲೆ ತನ್ನ ಟೋಪಿಯಿಂದ ಅತ್ಯಂತ ಹಳೆಯ ಪದಕ ಬಿಚ್ಚಿ ಆಕೆಯ ಮುಂದೆ ಹಿಡಿದ. ಸಂಘದ ಕೋಣೆಯ ಹಲಗೆಯ ಮಾತು ಬದಲಾಗುತ್ತದೆ ಎಂದ. ‘ಯಾಖೆನ್ ನಿಜ ಹೇಳಿದ್ದ’ ಎಂದು ಬರೆಸುತ್ತೇನೆ, ಇದನ್ನು ಅದರ ಪಕ್ಕ ಸಿಕ್ಕಿಸುತ್ತೇನೆ.

ಚಿಕ್ಕಮ್ಮ ಪದಕವನ್ನು ಕೈಯಲ್ಲಿ ತೂಗಿ ನೋಡಿ ವಾಪಸು ಕೊಟ್ಟಳು. ಹಲಗೆ ಆಗಬಹುದು, ಇದು ಆಗುವುದಿಲ್ಲ. ಪದಕಕ್ಕೆ ಹತ್ತು ಗುಂಡು, ತಾನು ಹೊಡೆದದ್ದು ಎರಡು. ನಿಯಮ ಅಂದರೆ ನಿಯಮ. ಎಂಟು ಬಾಕಿ ಇದೆ, ನಡೆಯಿರಿ.

ಎಲ್ಲರೂ ಮತ್ತೆ ಬಂಡಿದಾರಿಯಲ್ಲಿ ಸುತ್ತಿಕೊಂಡು ಹೋದರು. ನಾನು ಬಾವುಟ ಇಳಿಸಿ, ಆ ತೂತಿಗೆ ಕಾಗದ ಅಂಟಿಸದೆ ಹಾಗೇ ಬಿಟ್ಟು, ಹಲಗೆ ಏರಿಸಿದೆ. ಫೋನು ಇನ್ನೂ ಬೆಂಚಿನ ಮೇಲೆಯೇ ಇತ್ತು. ಗುನುಗು ಕೇಳಿತು, ಒಂದು ಸಾಲು. ಆದರೆ ಈ ಸಲ ಸಾಲಿನ ನಡುವೆಯೇ ನಗು ನುಗ್ಗಿತು, ಆಕೆಯದೋ ಪಕ್ಕದವರದೋ, ಮತ್ತು ಆ ನಗುವಿನಲ್ಲೇ ಗುಂಡು ಹಾರಿತು.

ಹಲಗೆ ಇಳಿಸುವ ಮೊದಲೇ ನನ್ನ ಕೋಲು ಎದ್ದಿತ್ತು. ಇಳಿಸಿ ನೋಡಿದೆ: ಎಡಕ್ಕೆ, ಗೇಣಿಗೆ ತುಸು ಕಡಿಮೆ. ಏಳು. ತಟ್ಟೆಯನ್ನು ಆ ಹಳೆಯ ಜಾಗಕ್ಕೆ ಹಿಡಿದೆ, ಕೋಲಿಗೆ ದಾರಿ ತೋರಿಸಬೇಕಾಗಿರಲಿಲ್ಲ.

ಆ ಕಡೆ ಲಿನಾರ್ಡ್ ಏನೋ ಹೇಳಹೊರಟ. ಆಂದ್ರಿ ಸುತ್ತಿಗೆಗೆ ಕೈ ಹಾಕಿದರೇನೋ, ಬೆಂಚಿನ ಮೇಲೆ ಅದರ ಸದ್ದಾಯಿತು.

“ಸುತ್ತಿಗೆ ಇಡಿ ಆಂದ್ರಿ,” ಅಂದಳು ಚಿಕ್ಕಮ್ಮ. “ಇದು ನನ್ನ ತಪ್ಪು. ಬಂದೂಕಿನದ್ದಲ್ಲ.”